ಶುಕ್ರವಾರದ ಸೈಕಲ್ ದಾರಿಗಳು: ಕಡಲ ಬದಿ, ಅಹ್ಮದಿಯ ದಿಬ್ಬ, ಮುತ್ಲಾದ ಏರು

ಕುವೈತಿನಲ್ಲಿ ಸೈಕಲ್ ತುಳಿಯುವವರಲ್ಲಿ ಎರಡು ಪಂಗಡ ಉಂಟು. ಒಂದು ಪಂಗಡದವರು ಶುಕ್ರವಾರ ಬೆಳಿಗ್ಗೆ ಗಲ್ಫ್ ರೋಡಿನಲ್ಲಿ ಮೈಗಂಟಿದ ಬಣ್ಣದ ಅಂಗಿ, ಕಪ್ಪು ಕನ್ನಡಕ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಹತ್ತು ಹದಿನೈದು ಜನ ಸಾಲಾಗಿ ಹೋಗುತ್ತಾರೆ. ಅವರ ಒಂದು ಸೈಕಲಿನ ಬೆಲೆಗೆ ನಮ್ಮೂರಲ್ಲಿ ಬೈಕ್ ಬರುತ್ತದೆ. ಇನ್ನೊಂದು ಪಂಗಡ ಬೆಳಗಿನ ಜಾವ ನಾಲ್ಕಕ್ಕೇ ಕಾರು ತೊಳೆಯಲು ಹೊರಟದ್ದು. ಹ್ಯಾಂಡಲಿಗೆ ಖುಬ್ಸಿನ ಚೀಲ, ಹಿಂದೆ ಕ್ಯಾರಿಯರಿಗೆ ಬಕೆಟ್ಟು, ಬ್ರೇಕ್ ಒಂದೇ ಕಡೆ, ಲೈಟ್ ಇಲ್ಲವೇ ಇಲ್ಲ. ಈ ಎರಡು ಪಂಗಡದವರು ಒಬ್ಬರಿಗೊಬ್ಬರು ಕೈ ಎತ್ತಿದ್ದನ್ನು ನಾನು ನೋಡಿಲ್ಲ.

ನಾನು ಎರಡರ ನಡುವಿನವ. ಕೆಲಸ ಅಕೌಂಟೆಂಟ್, ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ. ನಲವತ್ತೊಂದನೇ ವಯಸ್ಸಿಗೆ ಸಿವಿಲ್ ಐಡಿಯ ಜತೆ ಶುಗರ್ ಮಾತ್ರೆಯೂ ಪರ್ಸಿಗೆ ಬಂತು. ಡಾಕ್ಟರು ನಡೆಯಿರಿ ಅಂದರು. ಮಂಗಫಿನ ನಮ್ಮ ಬಿಲ್ಡಿಂಗಿನ ಸುತ್ತ ನಾಲ್ಕು ದಿನ ನಡೆದೆ, ಐದನೇ ದಿನ ಬೇಸರ ಬಂತು. ಅಲ್‌ರಾಯಿಯ ಶುಕ್ರವಾರದ ಸಂತೆಗೆ ಹೋಗಿ ಒಂದು ಹಳೇ ಸೈಕಲ್ ತಂದೆ. ಲೆಕ್ಕದವನಲ್ಲವಾ, ಖರ್ಚು ಬರೆದಿಟ್ಟಿದ್ದೇನೆ: ಸೈಕಲ್ 22 ದಿನಾರ್, ಹೆಲ್ಮೆಟ್ 6, ಮುಂದಿನ ಮತ್ತು ಹಿಂದಿನ ಲೈಟ್ ಸೇರಿ ಮೂರೂವರೆ, ಬೀಗ 2, ಪಂಪ್ ಮತ್ತು ಒಂದು ಹೆಚ್ಚುವರಿ ಟ್ಯೂಬ್ 4. ಒಟ್ಟು 37 ದಿನಾರ್ 500 ಫಿಲ್ಸ್. ಹೆಂಡತಿಗೆ ಊರಿಗೆ ಫೋನಿನಲ್ಲಿ ಹೇಳಿದ್ದು 22 ಮಾತ್ರ.

ನನ್ನೂರು ಮರವಂತೆಯ ಕಡೆ. ಅಲ್ಲಿ ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಬಿಕಾಂ ಮಾಡುವಾಗ ಅದೇ ರಸ್ತೆಯಲ್ಲಿ ಸೈಕಲ್ ತುಳಿದವನು ನಾನು. ಹಾಗಾಗಿ ಈ ದೇಶದಲ್ಲಿ ಎಂತ ನೋಡುವುದು, ಹೊಳೆಯಿಲ್ಲ, ಗುಡ್ಡೆಯಿಲ್ಲ, ಎಲ್ಲ ಚಪ್ಪಟೆ ಅಂತ ಹತ್ತು ವರ್ಷ ನಂಬಿದ್ದೆ. ಸೈಕಲಿನಲ್ಲಿ ಕೂತ ಮೇಲೆ ಗೊತ್ತಾಯಿತು, ಕುವೈತ್ ಚಪ್ಪಟೆ ಅಲ್ಲ. ಕಾರಿನಲ್ಲಿ ಕೂತವರಿಗೆ ಚಪ್ಪಟೆ ಅಷ್ಟೆ.

ಮೊದಲು ಸುಲಭದ ದಾರಿಯಿಂದ ಶುರು ಮಾಡುವ. ಮಂಗಫ್, ಮಹಬೂಲ, ಅಬು ಹಲೀಫಾ, ಫಹಾಹೀಲ್ ಇಲ್ಲೆಲ್ಲ ನಮ್ಮವರು ತುಂಬಾ ಇದ್ದೇವೆ. ಫಿಂತಾಸಿನಿಂದ ಫಹಾಹೀಲಿನವರೆಗೆ ಕಡಲ ಬದಿಯ ರಸ್ತೆ ಸುಮಾರು 10 ಕಿಲೋಮೀಟರ್. ಏರಿಲ್ಲ, ಇಳಿಜಾರಿಲ್ಲ. ಶುಕ್ರವಾರ ಬೆಳಿಗ್ಗೆ ಏಳರ ಒಳಗೆ ಹೊರಟರೆ ಕಾರು ಕಡಿಮೆ, ದಡದಲ್ಲಿ ಗಾಳ ಹಾಕಿ ಕೂತ ನಾಲ್ಕು ಜನ, ಅಷ್ಟೆ. ಹೊಸಬರು ಇಲ್ಲೇ ಶುರು ಮಾಡಬೇಕು.

ಒಂದು ವಿಷಯ ಮಾತ್ರ ನೆನಪಿಡಿ, ಗಾಳಿ. ಇಲ್ಲಿ ವರ್ಷದ ಹೆಚ್ಚು ದಿನ ಬೀಸುವುದು ವಾಯವ್ಯದ ಗಾಳಿ, ಅರಬರು ಶಮಾಲ್ ಅನ್ನುತ್ತಾರೆ. ಮೊದಲ ಸಲ ನಾನು ಫಹಾಹೀಲ್ ಕಡೆಗೆ ಗಾಳಿಯ ಬೆನ್ನಿಗೆ ಕೂತು ಹಾರಿಕೊಂಡು ಹೋದೆ. ಅಬ್ಬ, ಇಷ್ಟು ಬೇಗ ನನಗೆ ಶಕ್ತಿ ಬಂತಾ ಅಂತ ಖುಷಿ. ವಾಪಸು ಬರುವಾಗ ಎದುರುಗಾಳಿಗೆ ಸೈಕಲ್ ನಿಂತಲ್ಲೇ ನಿಂತ ಹಾಗೆ ಆಯಿತು, ಬಾಯಿ ತುಂಬ ಮರಳು, ಒಂದೂವರೆ ಗಂಟೆ. ಆದ್ದರಿಂದ ಮೈಯಲ್ಲಿ ಕಸುವು ಇರುವಾಗಲೇ ಉತ್ತರಕ್ಕೆ ಹೋಗಿ, ದಣಿದ ಮೇಲೆ ದಕ್ಷಿಣಕ್ಕೆ ಬನ್ನಿ. ಸಾಲ ಮೊದಲು ತೀರಿಸಿದರೆ ಆಮೇಲಿನದು ಹಗುರ ಅಲ್ವಾ, ಹಾಗೆ.

ಸಾಲ್ಮಿಯಾ, ಹವಲ್ಲಿ ಕಡೆ ಇರುವವರಿಗೆ ಗಲ್ಫ್ ರೋಡ್ ಇದೆ. ಸೈಂಟಿಫಿಕ್ ಸೆಂಟರಿನಿಂದ ಕುವೈತ್ ಟವರ್ಸಿನವರೆಗೆ ಹನ್ನೆರಡು ಹದಿಮೂರು ಕಿ.ಮೀ. ಆಗುತ್ತದೆ. ದೊಡ್ಡ ಟವರಿನ ಎತ್ತರ 187 ಮೀಟರ್, ತೆರೆದದ್ದು 1979ರಲ್ಲಿ. ಆ ನೀಲಿ ಗೋಲದ ಒಳಗೆ ಹೋಟೆಲ್ ಮಾತ್ರ ಅಂತ ತಿಳಿದಿದ್ದೆ. ಮುಖ್ಯ ಕೆಲಸ ನೀರು ತುಂಬಿಸಿಡುವುದಂತೆ, ನಮ್ಮೂರ ಓವರ್‌ಹೆಡ್ ಟ್ಯಾಂಕಿನ ಹಾಗೆ! ಅಲ್ಲಿಂದ ಮುಂದೆ ಶರ್ಕ್‌ವರೆಗೆ ಹೋದರೆ ಮೀನಿನ ಮಾರ್ಕೆಟ್, ಮರದ ದೋಣಿಗಳು. ಜುಬೈದಿ ಅಂತ ಇಟ್ಟಿರುತ್ತಾರಲ್ಲ, ಅದು ನಮ್ಮ ಮಾಂಜಿಯೇ. ರೇಟು ಕೇಳಿದರೆ ಮತ್ತೆ ಸೈಕಲ್ ಹತ್ತಬೇಕು ಅನ್ನಿಸುತ್ತದೆ. ಹಿಂದೆ ಇಲ್ಲಿಂದ ಖರ್ಜೂರ ತುಂಬಿಕೊಂಡು ಹೊರಟ ಹಾಯಿಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು, ಹಡಗು ಕಟ್ಟುವ ತೇಗದ ಮರ ಮಲಬಾರಿನಿಂದ ಹೋಗುತ್ತಿತ್ತು. ಅಂದರೆ ಆ ದಕ್ಕೆಯಲ್ಲಿ ಕೂತು ಚಹಾ ಕುಡಿಯಲು ನಮಗೂ ಸ್ವಲ್ಪ ಹಕ್ಕುಂಟು.

ನಡೆಯುವವರ ದಾರಿಯಲ್ಲಿ ಸೈಕಲ್ ಬಿಡುವುದಾದರೆ ನಿಧಾನ ಹೋಗಿ, ಮಕ್ಕಳು ಮುದುಕರು ಬಂದರೆ ಇಳಿದುಬಿಡಿ. ಒಂದು ದೂರು ಹೋದರೆ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

ಇನ್ನು ನನಗೆ ಬಹಳ ಇಷ್ಟವಾದ ದಾರಿ, ಫಹಾಹೀಲಿನಿಂದ ಅಹ್ಮದಿ. ದೂರ ಆರೇಳು ಕಿ.ಮೀ. ಮಾತ್ರ. ಆದರೆ ಸಮುದ್ರ ಮಟ್ಟದಿಂದ ಸುಮಾರು 120 ಮೀಟರ್ ಎತ್ತರದ ದಿಬ್ಬಕ್ಕೆ ಹತ್ತಬೇಕು. ಊರಲ್ಲಿ ಇದನ್ನು ಗುಡ್ಡೆ ಅಂದರೆ ನಗುತ್ತಾರೆ. ಆಗುಂಬೆಯ 14 ತಿರುವು ಹತ್ತಿದವರ ಎದುರು ಬಾಯಿಬಿಡುವ ಹಾಗಿಲ್ಲ. ಆದರೆ ಇಲ್ಲಿ ತಿರುವಿಲ್ಲ, ನೆರಳಿಲ್ಲ, ನೇರ ಏರು, ಎದುರಿಗೆ ಗಾಳಿ. ಅರ್ಧ ದಾರಿಯಲ್ಲಿ ಉಸಿರು ಕೂಗುತ್ತದೆ.

ಆ ದಿಬ್ಬ ಇಲ್ಲದಿದ್ದರೆ ಕುವೈತಿನ ಕಥೆಯೇ ಬೇರೆ ಆಗುತ್ತಿತ್ತೋ ಏನೋ. ಬುರ್ಗಾನಿನಲ್ಲಿ ಎಣ್ಣೆ ಸಿಕ್ಕಿದ್ದು 1938ರಲ್ಲಿ. ಯುದ್ಧದಿಂದಾಗಿ ಕೆಲಸ ನಿಂತು, ಮೊದಲ ಹಡಗು ಎಣ್ಣೆ ತುಂಬಿಕೊಂಡು ಹೊರಟದ್ದು 1946ರ ಜೂನ್ 30ಕ್ಕೆ. ಎಣ್ಣೆಯ ಟ್ಯಾಂಕುಗಳನ್ನು ಅಹ್ಮದಿಯ ದಿಬ್ಬದ ಮೇಲೆ ಕಟ್ಟಿದರು, ಬಂದರು ಕೆಳಗೆ ಸಮುದ್ರದಲ್ಲಿ. ವಾಲ್ವ್ ತೆರೆದರೆ ಸಾಕು, ಎಣ್ಣೆ ತನ್ನ ಭಾರಕ್ಕೇ ಇಳಿದು ಹಡಗಿಗೆ ಹೋಗುತ್ತಿತ್ತು. ಪಂಪಿನ ಖರ್ಚೇ ಇಲ್ಲ. ನಾನು ಉಸಿರು ಬಿಗಿಹಿಡಿದು ಹತ್ತುವ ಆ 120 ಮೀಟರನ್ನು ಯಾರೋ ಇಂಜಿನಿಯರ್ ಲಾಭದ ಕಾಲಮಿಗೆ ಹಾಕಿದ್ದ. ಸೈಕಲ್ ತಳ್ಳುತ್ತಾ ಇದನ್ನೇ ಯೋಚಿಸ್ತೇನೆ.

ಮೇಲೆ ಹೋದರೆ ಅಹ್ಮದಿ ಪೇಟೆ. ಎಣ್ಣೆ ಕಂಪನಿಯವರು ತಮ್ಮ ನೌಕರರಿಗಾಗಿ ಕಟ್ಟಿದ ಊರು, ಆಗಿನ ದೊರೆ ಶೇಖ್ ಅಹ್ಮದ್ ಅಲ್ ಜಾಬರ್ ಅವರ ಹೆಸರು. ತಗ್ಗು ಮನೆಗಳು, ಅಂಗಳ, ಬೇಲಿ, ಮರಗಳು. ನಿಜವಾದ ಮರಗಳು ಮಾರಾಯ್ರೆ, ನೆರಳು ಬೀಳುವಂಥವು! ಆ ಕಾಲದಲ್ಲೇ ಭಾರತದ ಗುಮಾಸ್ತರು, ಮೆಕ್ಯಾನಿಕ್‌ಗಳು ಇಲ್ಲಿದ್ದರು. ಅವರಿಗೆ ಸಂಬಳ ರೂಪಾಯಿಯಲ್ಲಿ ಬರುತ್ತಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಆಗ ಕುವೈತಿನಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಗಲ್ಫಿಗಾಗಿಯೇ ಬೇರೆ ನೋಟು ತಂದಿತು. 1961ರಲ್ಲಿ ದಿನಾರ್ ಬಂದಾಗ ಒಂದು ದಿನಾರಿಗೆ ಹದಿಮೂರು ರೂಪಾಯಿ ಮತ್ತು ಮೂರನೇ ಒಂದು ಭಾಗ ಅಂತ ಬದಲಾಯಿಸಿಕೊಟ್ಟರು. ಈಗಿನ ರೇಟು ನಿಮಗೆ ಗೊತ್ತೇ ಉಂಟು, ತಿಂಗಳ ಮೊದಲ ವಾರ ಎಲ್ಲರೂ ಅದನ್ನೇ ನೋಡುವುದು.

ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಬೇಲಿ, ಟ್ಯಾಂಕು, ಗೇಟು ಇವುಗಳ ಫೋಟೋ ತೆಗೆಯಬೇಡಿ. ಸೆಲ್ಫಿಯಲ್ಲೂ ಬೇಡ. ಮತ್ತೆ, ಫಹಾಹೀಲಿನಿಂದ ಹೋಗುವಾಗ ದೊಡ್ಡ ಹೈವೇ ದಾಟಬೇಕು. ಸಿಗ್ನಲ್ ಇರುವಲ್ಲಿ, ಸೈಕಲಿನಿಂದ ಇಳಿದು, ತಳ್ಳಿಕೊಂಡು ದಾಟಿ. 30, 40 ನಂಬರಿನ ಹೈವೇ, ರಿಂಗ್ ರೋಡುಗಳ ಮೇಲೆ ಸೈಕಲ್ ಬೇಡವೇ ಬೇಡ. ನಾನು ಹೋಗುವುದಿಲ್ಲ.

ಈಗ ಬೈಂದೂರಿನ ಮಾಣಿಯ ಕಥೆ ಹೇಳಬೇಕು. ಹೆಸರು ಹಾಕಬೇಡಿ ಅಣ್ಣ, ಮನೆಯಲ್ಲಿ ಗೊತ್ತಾದರೆ ಅಮ್ಮ ಊಟ ಬಿಡ್ತಾಳೆ ಅಂದಿದ್ದಾನೆ.

ನಮ್ಮ ಬಿಲ್ಡಿಂಗಿನವನೇ. ರೆಸ್ಟೋರೆಂಟಿನಲ್ಲಿ ಕಿಚನ್ ಹೆಲ್ಪರ್, ಸಂಬಳ 110 ದಿನಾರ್. ಬಸ್ಸಿನ ದುಡ್ಡು ಉಳಿಸಲು ಸೈಕಲ್. ಎರಡು ವರ್ಷದ ಹಿಂದೆ ಜನವರಿಯಲ್ಲಿ ರಾತ್ರಿ ಹನ್ನೊಂದೂವರೆಗೆ ಕೆಲಸ ಮುಗಿಸಿ ಬರುತ್ತಿದ್ದ. ಲೈಟ್ ಇಲ್ಲ, ಕಪ್ಪು ಜಾಕೆಟ್. ಎಲ್ಲಕ್ಕಿಂತ ದೊಡ್ಡದು, ಅವನು ರಸ್ತೆಯ ಎಡಬದಿಯಲ್ಲಿ ಬರುತ್ತಿದ್ದ. ಊರ ಅಭ್ಯಾಸ. ಇಲ್ಲಿ ಬಲಬದಿ ಎಂದು ಅವನಿಗೆ ಗೊತ್ತಿಲ್ಲ ಅಂತಲ್ಲ, ಸೈಕಲಿಗೆ ಅದು ಅನ್ವಯಿಸುವುದಿಲ್ಲ ಎಂದು ತಿಳಿದಿದ್ದ. ಎದುರಿಗೆ ಬರುವ ಕಾರು ಕಣ್ಣಿಗೆ ಕಾಣುತ್ತದೆ, ಸೇಫ್ ಅಲ್ವಾ ಅಂತ ಲೆಕ್ಕ.

ಆ ಲೆಕ್ಕ ಎಲ್ಲಿ ತಪ್ಪುತ್ತದೆ ನೋಡಿ. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಬಲಕ್ಕೆ ತಿರುಗುವ ಡ್ರೈವರ್ ತನ್ನ ಎಡಕ್ಕೆ ಮಾತ್ರ ನೋಡುತ್ತಾನೆ, ಯಾಕೆಂದರೆ ಗಾಡಿಗಳು ಬರುವುದು ಆ ಕಡೆಯಿಂದ. ತಪ್ಪು ಬದಿಯಲ್ಲಿ ಬರುವ ಸೈಕಲ್ ಅವನ ಬಲದಿಂದ ಬರುತ್ತದೆ. ಅವನು ಆ ಕಡೆ ಕತ್ತು ತಿರುಗಿಸುವುದೇ ಇಲ್ಲ. ಕತ್ತಲೆ, ಲೈಟಿಲ್ಲದ ಸೈಕಲ್ ಬೇರೆ. ಮಾಣಿ ಬಾನೆಟ್ಟಿನ ಮೇಲೆ ಬಿದ್ದು ಉರುಳಿದ.

ಕಾರಿನವನು ಓಡಿಹೋಗಲಿಲ್ಲ, ಇಳಿದ. ಅವನ ಕೈಯೂ ನಡುಗುತ್ತಿತ್ತಂತೆ. ಪೊಲೀಸ್ ಬೇಡ, ಪೊಲೀಸ್ ಬೇಡ ಅಂತ ಇಪ್ಪತ್ತು ದಿನಾರ್ ಕೈಗಿಟ್ಟ. ಮಾಣಿಯ ಸಿವಿಲ್ ಐಡಿ ಆಗ ರಿನೀವಲಿಗೆ ಕೊಟ್ಟಿದ್ದರು, ಕೈಯಲ್ಲಿ ಕಾರ್ಡಿಲ್ಲ. ಪೊಲೀಸ್ ಎಂದರೆ ಅವನಿಗೂ ಹೆದರಿಕೆ. ತಗೊಂಡ. ಬಾಗಿದ ಸೈಕಲ್ ತಳ್ಳಿಕೊಂಡು ಕುಂಟುತ್ತಾ ರೂಮಿಗೆ ಬಂದು, "ಹ್ವಾಯ್ ಅಣ್ಣ, ಎಂತ ಆಯ್ಲ" ಅಂತ ನಗಾಡಿದ. ಎರಡು ದಿನಕ್ಕೆ ಕಾಲು ಊದಿ ಚಪ್ಪಲಿ ಹಾಕಲಾಗಲಿಲ್ಲ. ಎಕ್ಸ್‌ರೇ ತೆಗೆದರೆ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಬಿರುಕು. ಆರು ವಾರ ಪ್ಲಾಸ್ಟರ್, ಮತ್ತೆ ಎರಡು ವಾರ ರೆಸ್ಟ್.

ಅವನ ಲೆಕ್ಕವನ್ನು ನಾನೇ ಕೂತು ಬರೆದೆ. 2010ರ 6ನೇ ನಂಬರಿನ ಕಾರ್ಮಿಕ ಕಾನೂನಿನಲ್ಲಿ, ಸರ್ಕಾರಿ ಕ್ಲಿನಿಕ್ಕಿನ ಅಥವಾ ಕಂಪನಿ ನೇಮಿಸಿದ ಡಾಕ್ಟರರ ಸರ್ಟಿಫಿಕೇಟ್ ಇದ್ದರೆ ವರ್ಷಕ್ಕೆ ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 10 ದಿನ ಮುಕ್ಕಾಲು, ಮತ್ತೆ 10 ದಿನ ಅರ್ಧ, ಮತ್ತೆ 10 ದಿನ ಕಾಲು, ಆಮೇಲಿನ 30 ದಿನ ರಜೆ ಉಂಟು, ಸಂಬಳ ಇಲ್ಲ. (ಇದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ.) ಹಾಗಾಗಿ ಎರಡು ತಿಂಗಳಿನಲ್ಲಿ ಅವನಿಗೆ ಹೆಚ್ಚುಕಡಿಮೆ ಒಂದು ತಿಂಗಳಿನ ದುಡ್ಡು ಬಂತು. ಹೋದದ್ದು 110. ಟ್ಯಾಕ್ಸಿ, ಔಷಧ 31. ಊರುಗೋಲು 8. ಒಟ್ಟು 149 ದಿನಾರ್. ಜಮೆ, ಕಾರಿನವ ಕೊಟ್ಟ 20. ಖೋತಾ 129, ಸೈಕಲ್ ಬೇರೆ. ಊರಲ್ಲಿ ತಂಗಿಯ ಕಾಲೇಜು ಫೀಸಿನ ಕಂತು ಅದೇ ತಿಂಗಳು ಇತ್ತು, ಅದನ್ನು ಲೆಕ್ಕದಲ್ಲಿ ಎಲ್ಲಿ ಬರೆಯುವುದು?

ಇಲ್ಲಿ ಪ್ರತಿ ಕಾರಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಪೊಲೀಸ್ ರಿಪೋರ್ಟ್ ಇದ್ದಿದ್ದರೆ ಕೇಳಲು ಒಂದು ದಾರಿಯಾದರೂ ಇರುತ್ತಿತ್ತು. ತಪ್ಪು ಬದಿ, ಲೈಟಿಲ್ಲ ಅಂತ ಇವನ ಮೇಲೂ ಸ್ವಲ್ಪ ಬರುತ್ತಿತ್ತೋ ಏನೋ, ಅದು ಬೇರೆ ಮಾತು. ಕಾಗದವೇ ಇಲ್ಲದ ಮೇಲೆ ಮಾತೂ ಇಲ್ಲ. ನನ್ನ ವೃತ್ತಿಯಲ್ಲಿ ವೋಚರ್ ಇಲ್ಲದ ಖರ್ಚನ್ನು ಆಡಿಟರ್ ಒಪ್ಪುವುದಿಲ್ಲ, ಇದೂ ಅದೇ. ಬಿದ್ದರೆ ಮೊದಲು 112ಕ್ಕೆ ಫೋನ್ ಮಾಡಿ. ಕಾರಿನ ನಂಬರ್ ಪ್ಲೇಟಿನ ಫೋಟೋ ತೆಗೆಯಿರಿ. ನೋವಿಲ್ಲ ಅನ್ನಿಸಿದರೂ ಆವತ್ತೇ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ, ಏಕೆಂದರೆ ನೋವು ಕಾಣಿಸುವುದು ಎರಡನೇ ದಿನ.

ಅದಾದ ಮೇಲೆ ನಾನು ನಮ್ಮ ಕಡೆಯ ಸೈಕಲುಗಳನ್ನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ. ಹತ್ತರಲ್ಲಿ ಏಳೆಂಟಕ್ಕೆ ಹಿಂದಿನ ಲೈಟ್ ಇಲ್ಲ. ಒಂದೂವರೆ ದಿನಾರಿಗೆ ಬರುತ್ತದೆ. ರಸ್ತೆ ಬದಿಯ ಚರಂಡಿಯ ಕಬ್ಬಿಣದ ಜಾಲರಿ ನೋಡಿದ್ದೀರಾ? ಸೀಳು ರಸ್ತೆಯ ಉದ್ದಕ್ಕೆ ಇದ್ದರೆ ತೆಳು ಚಕ್ರ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ರೌಂಡಬೌಟಿನಲ್ಲಿ ಒಳಗೆ ತಿರುಗುತ್ತಿರುವ ಗಾಡಿಗೆ ಮೊದಲ ಹಕ್ಕು, ಮತ್ತು ತಿರುಗುವುದು ಊರಿಗೆ ಉಲ್ಟಾ. ಲಾರಿಯ ಸಿಡಿದ ಟೈರಿನ ಸಣ್ಣ ತಂತಿ ರಸ್ತೆಯ ಅಂಚಿನಲ್ಲಿ ಬಿದ್ದಿರುತ್ತದೆ, ನನ್ನ ಹತ್ತು ಪಂಕ್ಚರಿನಲ್ಲಿ ಆರಕ್ಕೆ ಅದೇ ಕಾರಣ. ಮರಳು ಹಾರಿ ಬಂದು ಡಾಮರಿನ ಮೇಲೆ ತೆಳುವಾಗಿ ಕೂತಿರುತ್ತದೆ. ಅಲ್ಲಿ ಬ್ರೇಕ್ ಹಿಡಿದರೆ ಕೆಸರಿನಲ್ಲಿ ಜಾರಿದ ಹಾಗೆ.

ಉತ್ತರದ ಕಡೆಯ ಮಾತಿಗೆ ಬರುವ. ಜಹ್ರಾದಿಂದ ಆಚೆ ನೆಲ ಒಮ್ಮೆಲೇ ಎದ್ದು ನಿಲ್ಲುತ್ತದೆ. ಕುವೈತ್ ಕೊಲ್ಲಿಯ ಉತ್ತರ ದಂಡೆಯ ಉದ್ದಕ್ಕೂ ಗೋಡೆಯ ಹಾಗೆ ಹೋಗುವ ಆ ಏಣಿಗೆ ಜಾಲ್ ಅಝ್ಝೋರ್ ಎಂದು ಹೆಸರು; ಎತ್ತರ ಸುಮಾರು 145 ಮೀಟರ್. ಮರಳುಗಲ್ಲು, ಜೇಡಿ, ಪದರ ಪದರ, ಮಳೆಗೆ ಕೊರೆದ ಸಣ್ಣ ಸಣ್ಣ ಕಣಿವೆ. ದೂರದಿಂದ ನೋಡಿದರೆ ಯಾರೋ ಕತ್ತಿಯಲ್ಲಿ ಹೋಳಿಗೆ ಕತ್ತರಿಸಿಟ್ಟ ಹಾಗೆ ಕಾಣುತ್ತದೆ. ಅದರ ಪಶ್ಚಿಮದ ತುದಿಗೆ ಮುತ್ಲಾ. 80 ನಂಬರಿನ ರಸ್ತೆ ಅಲ್ಲಿ ಏರಿ ಅಬ್ದಲಿಗೆ, ಮುಂದೆ ಬಸ್ರಾಕ್ಕೆ ಹೋಗುತ್ತದೆ.

ನಾವು ಆರು ಜನ ಕಳೆದ ಡಿಸೆಂಬರಿನಲ್ಲಿ ಒಂದು ವಾನೆಟ್ ಮಾಡಿಕೊಂಡು ಸೈಕಲುಗಳನ್ನು ಹಿಂದೆ ಹಾಕಿ ಜಹ್ರಾಕ್ಕೆ ಹೋದೆವು. ಮೊದಲು ಕೆಂಪು ಕೋಟೆ ನೋಡಿದೆವು. 1920ರ ಅಕ್ಟೋಬರಿನಲ್ಲಿ ಜಹ್ರಾದ ಕಾಳಗ ನಡೆದದ್ದು ಅಲ್ಲೇ. ಮಣ್ಣಿನ ಗೋಡೆ, ನಮ್ಮ ಬಸ್ರೂರಿನ ಹಳೇ ಕೋಟೆಯ ಕಲ್ಲು ನೆನಪಾಯಿತು ನನಗೆ. ಏರುವಾಗ 80ನೇ ರಸ್ತೆಗೆ ಸೈಕಲ್ ಇಳಿಸಲಿಲ್ಲ. ಲಾರಿಗಳ ಸಾಲು ಬೇರೆ, ಮುತ್ಲಾದಲ್ಲಿ 28 ಸಾವಿರಕ್ಕೂ ಹೆಚ್ಚು ಪ್ಲಾಟಿನ ಹೊಸ ಪಟ್ಟಣ ಏಳುತ್ತಿರುವುದರಿಂದ ಜಲ್ಲಿ, ಸಿಮೆಂಟ್ ಗಾಡಿಗಳೂ ಬೇರೆ. ವಾನೆಟ್ಟಿನಲ್ಲೇ ಮೇಲೆ ಹೋಗಿ, ಒಳಗಿನ ಖಾಲಿ ರಸ್ತೆಯಲ್ಲಿ ತುಳಿದೆವು. ಮೇಲಿಂದ ಕೊಲ್ಲಿ ಕಾಣುತ್ತದೆ, ಆಚೆ ಮಂಜಿನಲ್ಲಿ ಸಿಟಿಯ ಟವರುಗಳು, ಸುಬಿಯಾಕ್ಕೆ ಹೋಗುವ ಜಾಬರ್ ಸೇತುವೆ. 2019ರಲ್ಲಿ ತೆರೆದ ಆ ಸೇತುವೆಯ ಉದ್ದ ಸುಮಾರು 36 ಕಿಲೋಮೀಟರ್! ನೋಡಿದ ತಕ್ಷಣ ಸೈಕಲಿನವರಿಗೆ ಆಸೆ ಆಗುತ್ತದೆ. ಆದರೆ ಅದು ಮೋಟಾರು ಗಾಡಿಗಳ ರಸ್ತೆ, ನೋಡಿ ಖುಷಿಪಡಬೇಕು ಅಷ್ಟೆ.

ನಮ್ಮ ಜತೆ ಒಬ್ಬರು ಹಿರಿಯರು ಬಂದಿದ್ದರು, ಸೈಕಲ್ ತುಳಿಯಲು ಅಲ್ಲ, ವಾನೆಟ್ಟಿನ ಮುಂದಿನ ಸೀಟಿನಲ್ಲಿ. ಅರವತ್ತೇಳು ವಯಸ್ಸು, ಉಡುಪಿ ಕಡೆಯವರು. ಮುತ್ಲಾದ ಮೇಲೆ ಇಳಿದು ಸುಮಾರು ಹೊತ್ತು ಉತ್ತರಕ್ಕೆ ನೋಡುತ್ತಾ ನಿಂತರು. 1990ರಲ್ಲಿ ಇರಾಕಿನವರು ನುಗ್ಗಿದ ಮೇಲೆ ಅವರು ಇದೇ ರಸ್ತೆಯಲ್ಲಿ ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನ್‌ಗೆ ಹೋದದ್ದಂತೆ. ಅಲ್ಲಿಂದ ಏರ್ ಇಂಡಿಯಾ ವಿಮಾನ. ಆ ಸಲ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹಾಗೆ ಊರಿಗೆ ತಲುಪಿಸಿದರು. "ಕೈಯಲ್ಲಿ ಒಂದು ಬ್ಯಾಗು, ಬ್ಯಾಗಿನಲ್ಲಿ ಎರಡು ಶರ್ಟು, ಒಂದು ಇಸ್ತ್ರಿ ಪೆಟ್ಟಿಗೆ. ಇಸ್ತ್ರಿ ಪೆಟ್ಟಿಗೆ ಯಾಕೆ ತಗೊಂಡೆ ಅಂತ ಇವತ್ತಿಗೂ ಗೊತ್ತಿಲ್ಲ" ಅಂದರು. ಮುಂದಿನ ವರ್ಷ ಫೆಬ್ರವರಿ ಕೊನೆಯಲ್ಲಿ ಓಡುತ್ತಿದ್ದ ಇರಾಕಿ ಸೈನ್ಯದ ಗಾಡಿಗಳ ಮೇಲೆ ಬಾಂಬು ಬಿದ್ದದ್ದೂ ಇದೇ ಏರಿನಲ್ಲಿ. ಅವರು 1992ಕ್ಕೆ ವಾಪಸು ಬಂದು ಮತ್ತೆ ಸೊನ್ನೆಯಿಂದ ಶುರು ಮಾಡಿದರು.

ಆ ಕಡೆ ಮರಳಿನಲ್ಲಿ ರಸ್ತೆ ಬಿಟ್ಟು ಹೋಗಬೇಡಿ. ಗುರುತಿಲ್ಲದ ಕಬ್ಬಿಣದ ತುಂಡು, ಡಬ್ಬಿ ಕಂಡರೆ ಮುಟ್ಟಬೇಡಿ. ಯುದ್ಧದ ಕಾಲದ್ದು ಈಗಲೂ ಸಿಗುವುದುಂಟು, ಜೋರು ಮಳೆ ಬಂದ ಮೇಲೆ ಮತ್ತೂ ಹೆಚ್ಚು.

ಹೊಳೆ ಇಲ್ಲವೇ ಇಲ್ಲ ಎಂದೆನಲ್ಲ, ಅದೂ ಪೂರ್ತಿ ಸರಿಯಲ್ಲ. ಪಶ್ಚಿಮದ ಗಡಿಯಲ್ಲಿ ವಾದಿ ಅಲ್ ಬಾತಿನ್ ಉಂಟು. ಸೌದಿಯ ಒಳಗಿನಿಂದ ಬರುವ ವಾದಿ ಅಲ್ ರುಮ್ಮಾದ ಮುಂದುವರಿಕೆ ಅದು, ಒಣಗಿದ ಹೊಳೆಯ ಕಣಿವೆ. ಸಾವಿರಾರು ವರ್ಷಗಳ ಹಿಂದೆ ಅದರಲ್ಲಿ ನೀರು ಹರಿದು ದೂರದ ಬೆಟ್ಟದ ಕಲ್ಲುಗಳನ್ನು ಇಲ್ಲಿಯವರೆಗೆ ಉರುಳಿಸಿ ತಂದಿದೆ. ನಮ್ಮ ಸೀಮೆಯಲ್ಲಿ ಹೊಳೆಯಲ್ಲಿ ಸಿಗುವಂಥದ್ದೇ ನುಣುಪಾದ ಬೆಣಚುಕಲ್ಲು ಸಾಲ್ಮಿ ರಸ್ತೆಯ ಬದಿಯ ಮರಳಿನಲ್ಲಿ ಸಿಗುತ್ತದೆ. ಒಂದು ನನ್ನ ಆಫೀಸ್ ಮೇಜಿನ ಮೇಲೆ ಪೇಪರ್‌ವೇಟ್ ಆಗಿ ಕೂತಿದೆ. ಅದು ಗಡಿಯ ಪ್ರದೇಶ, ಸೈಕಲಿಗೆ ಬೇಡ. ಯಾರಾದರೂ ಕಾರಿನಲ್ಲಿ ಆ ಕಡೆ ಕೆಲಸಕ್ಕೆ ಹೋದರೆ ರಸ್ತೆ ಬದಿಯಿಂದಲೇ ನೋಡಿ ಬನ್ನಿ. ದಕ್ಷಿಣಕ್ಕೆ ಖಿರಾನಿನಲ್ಲಿ ಸಮುದ್ರ ಒಳನುಗ್ಗಿದ ಖೋರ್‌ಗಳಿವೆ, ಉಪ್ಪುನೀರು, ಗಂಗೊಳ್ಳಿಯ ಅಳಿವೆ ನೆನಪಿಸುವ ಹಾಗೆ. ವಫ್ರಾದ ತೋಟಗಳ ನಡುವಿನ ರಸ್ತೆಯೂ ಒಳ್ಳೆಯದೇ. ಟೊಮೆಟೊ ಅಲ್ಲಿ ಅಗ್ಗ, ಆದರೆ ಸೈಕಲಿನಲ್ಲಿ ಎಷ್ಟು ತರಬಹುದು ಹೇಳಿ.

ಸೀಸನ್ ಎಂದರೆ ನವೆಂಬರಿನಿಂದ ಮಾರ್ಚ್. ಏಪ್ರಿಲಿನಲ್ಲಿ ಬೆಳಗಿನ ಏಳರ ಒಳಗೆ ಮುಗಿಸಿ. ಜೂನ್ 1ರಿಂದ ಆಗಸ್ಟ್ 31ರವರೆಗೆ ಹಗಲು 11ರಿಂದ 4ರವರೆಗೆ ಹೊರಗಿನ ಕೆಲಸಕ್ಕೇ ಸರ್ಕಾರದ ನಿಷೇಧ ಇರುವಾಗ ಹವ್ಯಾಸದ ಸೈಕಲ್ ಯಾಕೆ? ಮಿತ್ರಿಬಾದಲ್ಲಿ 2016ರ ಜುಲೈ 21ಕ್ಕೆ 53.9 ಡಿಗ್ರಿ ದಾಖಲಾಗಿದೆ. ಬೇಸಿಗೆಯಲ್ಲೂ ಕೆಲಸಕ್ಕೆ ಸೈಕಲೇ ಗತಿ ಎನ್ನುವವರು ಟೈರಿಗೆ ಬೆಳಿಗ್ಗೆ ಗಟ್ಟಿ ಗಾಳಿ ತುಂಬಬೇಡಿ, ಬಿಸಿಲಲ್ಲಿ ನಿಲ್ಲಿಸಿದರೆ ಸಿಡಿಯುತ್ತದೆ. ನೀರಿಗೆ ಚಿಟಿಕೆ ಉಪ್ಪು, ಸಕ್ಕರೆ, ಲಿಂಬೆ. ನನ್ನ ಹಾಗೆ ಶುಗರ್ ಇದ್ದವರು ಸಕ್ಕರೆ ಬಿಡಿ, ಆದರೆ ಕಿಸೆಯಲ್ಲಿ ಎರಡು ಖರ್ಜೂರ ಇಟ್ಟುಕೊಳ್ಳಿ, ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿ ತುಳಿದು ಅಹ್ಮದಿಯ ಏರಿನಲ್ಲಿ ನನಗೆ ಒಮ್ಮೆ ಕಣ್ಣು ಕತ್ತಲೆ ಬಂದಿತ್ತು.

ಮಾಣಿ ಒಂದು ವರ್ಷ ಸೈಕಲ್ ಮುಟ್ಟಲಿಲ್ಲ. ಕಳೆದ ನವೆಂಬರಿನಲ್ಲಿ ಅವನಾಗಿಯೇ ಬಂದು, "ಅಣ್ಣ, ನಾನೂ ಬತ್ತೆ" ಅಂದ. ಹಿಂದೆ ಒಂದು ಕೆಂಪು ಲೈಟ್ ಸಾಲದು ಅಂತ ಎರಡು ಹಾಕಿಕೊಂಡಿದ್ದ, ಜಾಕೆಟಿನ ಮೇಲೆ ಕನ್ಸ್ಟ್ರಕ್ಷನ್‌ನವರ ಹೊಳೆಯುವ ಪಟ್ಟಿಯ ಅಂಗಿ. ಅಹ್ಮದಿ ಏರಿನಲ್ಲಿ ಮೂರು ಸಲ ಇಳಿದ, ನಾನು ಎರಡು ಸಲ. ಮೇಲೆ ಮರದ ಕೆಳಗೆ ಕೂತು ಫ್ಲಾಸ್ಕಿನ ಚಹಾ ಕುಡಿದೆವು. ಕಾಲು ನೋವುಂಟಾ ಅಂತ ಕೇಳಿದೆ. ಚಳಿಗೆ ಸ್ವಲ್ಪ ಅಂದ. ಇಳಿಯುವಾಗ ಅವನೇ ಮುಂದೆ. ಕೆಳಗೆ ಸಮುದ್ರ ಕಾಣುತ್ತಿತ್ತು, ಬ್ರೇಕ್ ಹಿಡಿದುಕೊಂಡೇ ಹೋದ, ಬಲಬದಿಯಲ್ಲಿ.

ಈ ತಿಂಗಳೂ ಪ್ರತಿ ಶುಕ್ರವಾರ ಹೋಗ್ತೇವೆ. ಬೆಳಿಗ್ಗೆ 5.45ಕ್ಕೆ ಮಂಗಫಿನ ಕಡಲ ಬದಿಯಿಂದ ಹೊರಟು, ಜುಮ್ಮಾಕ್ಕೆ ಹೋಗುವವರಿಗೆ ತಡವಾಗದ ಹಾಗೆ ಒಂಬತ್ತರ ಒಳಗೆ ವಾಪಸು. ಸೈಕಲ್ ಯಾವುದಾದರೂ ಆದೀತು, ಹಿಂದೆ ಲೈಟ್ ಇಲ್ಲದವರನ್ನು ಮಾತ್ರ ಜತೆಗೆ ಕರೆದುಕೊಂಡು ಹೋಗುವುದಿಲ್ಲ. ನನ್ನ ಬ್ಯಾಗಿನಲ್ಲಿ ಹೆಚ್ಚುವರಿ ಎರಡು ಇರುತ್ತವೆ, ಒಂದೂವರೆ ದಿನಾರ್, ಸಂಬಳ ಆದ ಮೇಲೆ ಕೊಟ್ಟರಾಯಿತು.